ನಾರ್ತ್ ಅಪ್, ಹೆಡಿಂಗ್ ಅಪ್, 3ಡಿ: ಕಾರಿನ ಮ್ಯಾಪ್ ಯಾವ ಥರ ಇಟ್ಟುಕೊಳ್ಳಬೇಕು?

ಪ್ರಶ್ನೆ: ಈಚೆಗೆ ಹೊಸ ಕಾರು ತಗೊಂಡೆವು. ಸ್ಕ್ರೀನಿನ ಮೂಲೆಯಲ್ಲಿರುವ ದಿಕ್ಸೂಚಿ ಗುರುತು ಒತ್ತಿದಾಗಲೆಲ್ಲ ಮ್ಯಾಪ್ ಬೇರೆ ಥರ ಕಾಣುತ್ತದೆ. ಒಂದರಲ್ಲಿ ಮ್ಯಾಪ್ ಅಲ್ಲಾಡುವುದಿಲ್ಲ, ಕಾರಿನ ಬಾಣ ಮಾತ್ರ ತಿರುಗುತ್ತದೆ. ಇನ್ನೊಂದರಲ್ಲಿ ಬಾಣ ನೆಟ್ಟಗಿರುತ್ತದೆ, ಊರೇ ತಿರುಗುತ್ತದೆ. ಮೂರನೆಯದು 3ಡಿ, ಕಟ್ಟಡಗಳೆಲ್ಲ ಎದ್ದು ನಿಂತಿರುತ್ತವೆ. ಮಗ 3ಡಿ ಇಡಪ್ಪ ಅನ್ನುತ್ತಾನೆ. ಪಕ್ಕದಲ್ಲಿ ಕೂತು ದಾರಿ ಹೇಳುವ ನನ್ನ ಹೆಂಡತಿಗೆ ಮ್ಯಾಪ್ ತಿರುಗಿದರೆ ತಲೆ ಸುತ್ತು. ಉತ್ತರ ದಿಕ್ಕು ಯಾವಾಗಲೂ ಮೇಲೇ ಇರಬೇಕು ಅನ್ನುತ್ತಾಳೆ. ಓಡಿಸುವವನು ನಾನು. ಯಾವುದು ಸರಿ?

ಉತ್ತರ: ಓಡಿಸುವವರು ನೀವಾದ್ದರಿಂದ ನಿಮ್ಮ ಎದುರಿನ ಸ್ಕ್ರೀನಿನಲ್ಲಿ ಎರಡನೆಯದು ಇರಲಿ. ಅದೂ ಕಟ್ಟಡಗಿಟ್ಟಡ ಇಲ್ಲದ ಚಪ್ಪಟೆ 2ಡಿ. ಊರೊಳಗೆ, ಗೊತ್ತಿಲ್ಲದ ದಾರಿಯಲ್ಲಿ, ತಿರುವು ಜಾಸ್ತಿ ಇರುವ ಕಡೆ ಇದನ್ನು ಮೀರಿಸಿದ್ದು ಇಲ್ಲ. ಹಾಗಂತ ನಿಮ್ಮ ಮನೆಯವರು ಹೇಳುವುದು ತಪ್ಪಲ್ಲ. ಅವರ ಕೆಲಸ ಬೇರೆ, ನಿಮ್ಮ ಕೆಲಸ ಬೇರೆ. ಘಾಟಿ ಇಳಿಯುವಾಗ ಮಾತ್ರ ಅವರ ಮಾತೇ ಸರಿ. ಮಗನ 3ಡಿಗೂ ಒಂದು ಜಾಗ ಇದೆ, ಆದರೆ ಅವನು ಅಂದುಕೊಂಡಷ್ಟು ದೊಡ್ಡ ಜಾಗ ಅಲ್ಲ.

ಈ ಮೂರಕ್ಕೂ ಕಾರಿನ ಮೆನುವಿನಲ್ಲಿ ಇರುವ ಹೆಸರು ನಾರ್ತ್ ಅಪ್, ಹೆಡಿಂಗ್ ಅಪ್, 3ಡಿ. ಕೆಲವು ಕಾರುಗಳಲ್ಲಿ ಹೆಡಿಂಗ್ ಅಪ್‌ಗೆ ಟ್ರ್ಯಾಕ್ ಅಪ್, ಡೈರೆಕ್ಷನ್ ಅಪ್ ಅಂತಲೂ ಇರುತ್ತದೆ. ಎಲ್ಲ ಒಂದೇ.

ಸಮುದ್ರ ಯಾವ ಕಡೆ ಇದೆ?

ಕಾರವಾರದಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟಿದ್ದೀರಿ ಅಂದುಕೊಳ್ಳಿ. ದಕ್ಷಿಣಕ್ಕೆ ಹೋಗುತ್ತಿದ್ದೀರಿ. ಸಮುದ್ರ ನಿಮ್ಮ ಬಲಗಡೆ ಇರುತ್ತದೆ. ಸ್ಕ್ರೀನಿನಲ್ಲಿ ನಾರ್ತ್ ಅಪ್ ಇಟ್ಟಿದ್ದರೆ ನೀಲಿ ಬಣ್ಣವೆಲ್ಲ ಎಡಗಡೆ ಇರುತ್ತದೆ. ನಿಮ್ಮ ಬಾಣ ಕೆಳಮುಖವಾಗಿ ಇಳಿಯುತ್ತಿರುತ್ತದೆ. ಮುರುಡೇಶ್ವರಕ್ಕೆ ಹೆದ್ದಾರಿಯಿಂದ ತಿರುಗಬೇಕು. ಮ್ಯಾಪಿನಲ್ಲಿ ಆ ರಸ್ತೆ ಎಡಕ್ಕೆ ಹೋಗುವಂತೆ ಕಾಣುತ್ತದೆ, ನೀವು ಸ್ಟೇರಿಂಗ್ ತಿರುಗಿಸಬೇಕಾದ್ದು ಬಲಕ್ಕೆ. ಮನಸ್ಸಿನಲ್ಲೇ ಮ್ಯಾಪನ್ನು ತಲೆಕೆಳಗು ಮಾಡಿಕೊಂಡು ಆಮೇಲೆ ಇಂಡಿಕೇಟರ್ ಹಾಕಬೇಕು.

ಇದೇ ದಾರಿಯಲ್ಲಿ ಮಂಗಳೂರಿನಿಂದ ಕಾರವಾರದ ಕಡೆ ಹೋದರೆ ಈ ತೊಂದರೆ ಬಹುತೇಕ ಇರುವುದೇ ಇಲ್ಲ. ರಸ್ತೆ ಹೆಚ್ಚುಕಡಿಮೆ ಉತ್ತರಕ್ಕೇ ಹೋಗುತ್ತದೆ. ಸಮುದ್ರ ಎಡಗಡೆ, ಸ್ಕ್ರೀನಿನಲ್ಲೂ ಎಡಗಡೆ. ನಾರ್ತ್ ಅಪ್ಪೂ ಹೆಡಿಂಗ್ ಅಪ್ಪೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಾಗಾಗಿ "ನನಗೆ ನಾರ್ತ್ ಅಪ್ಪೇ ಸರಿ ಹೋಗುತ್ತದೆ" ಅನ್ನುವವರನ್ನು ಒಂದು ಮಾತು ಕೇಳಬೇಕು. ನೀವು ದಿನಾ ಓಡಾಡುವ ದಾರಿ ಯಾವ ಕಡೆಗೆ? ಹುಬ್ಬಳ್ಳಿಯಿಂದ ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುವವರ ಬಾಣ ಸ್ಕ್ರೀನಿನಲ್ಲಿ ಓರೆಯಾಗಿ ಕೆಳಗಿಳಿಯುತ್ತದೆ. ಅದೇ ಜನ ವಾಪಸ್ ಹೋಗುವಾಗ ಬಾಣ ಮೇಲೇರುತ್ತದೆ. ಹೋಗುವಾಗ ಸುಲಭ ಅನ್ನಿಸಿದ ಮ್ಯಾಪ್ ಬರುವಾಗ ಗೊಂದಲ ಮಾಡಿದರೆ ತಪ್ಪು ನಿಮ್ಮದಲ್ಲ.

ಮನಸ್ಸಿನಲ್ಲಿ ಹೀಗೆ ತಿರುಗಿಸಿಕೊಳ್ಳುವುದಕ್ಕೆ ಸಮಯ ಹಿಡಿಯುತ್ತದೆ ಅನ್ನುವುದನ್ನು ಅಮೆರಿಕದ ಮನಃಶಾಸ್ತ್ರ ಸಂಶೋಧಕರಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ 1971ರಲ್ಲೇ ಅಳೆದು ತೋರಿಸಿದ್ದರು. ಜನರ ಮುಂದೆ ಘನಾಕೃತಿಗಳ ಎರಡು ಚಿತ್ರ ಇಟ್ಟು, ಎರಡೂ ಒಂದೇನಾ ಬೇರೆನಾ ಅಂತ ಕೇಳಿದರು. ಒಂದು ಚಿತ್ರ ಇನ್ನೊಂದಕ್ಕಿಂತ ಎಷ್ಟು ಡಿಗ್ರಿ ತಿರುಗಿರುತ್ತದೋ ಉತ್ತರ ಹೇಳುವುದು ಅಷ್ಟೇ ತಡವಾಗುತ್ತಿತ್ತು. ಅತಿ ಹೆಚ್ಚು ಸಮಯ ಹಿಡಿದದ್ದು 180 ಡಿಗ್ರಿಗೆ. ನಾರ್ತ್ ಅಪ್ ಇಟ್ಟುಕೊಂಡು ದಕ್ಷಿಣಕ್ಕೆ ಓಡಿಸುವುದು ಅಂದರೆ ಅದೇ 180 ಡಿಗ್ರಿ. ಮೇಜಿನ ಮುಂದೆ ಕೂತವರಿಗೆ ಅರೆಕ್ಷಣ ತಡವಾದರೆ ಏನೂ ಆಗುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿಬಿಡುತ್ತದೆ. 80ರಲ್ಲಿ 22 ಮೀಟರ್.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕಾರು ತಯಾರಕರಿಗೆ ಕೊಟ್ಟ ಮಾರ್ಗದರ್ಶಿಯಲ್ಲಿ, ಸ್ಕ್ರೀನಿನ ಕಡೆಗಿನ ಒಂದು ನೋಟ 2 ಸೆಕೆಂಡ್ ಮೀರಬಾರದು ಅಂತ ಇದೆ. ನನ್ನ ಪ್ರಕಾರ ನಮ್ಮ ರಸ್ತೆಗಳಿಗೆ ಅದೂ ಜಾಸ್ತಿಯೇ. ಎರಡು ಸೆಕೆಂಡಿನಲ್ಲಿ ಇಲ್ಲಿ ಒಂದು ಹಸು, ಒಂದು ಸ್ಕೂಟರು, ಬಣ್ಣ ಬಳಿಯದ ಒಂದು ಹಂಪ್ ಬಂದುಹೋಗಬಹುದು. ಕಣ್ಣು ಹಾಯಿಸಿದ ತಕ್ಷಣ ಅರ್ಥವಾಗುವ ಮ್ಯಾಪೇ ಡ್ರೈವರಿಗೆ ಬೇಕಾದ ಮ್ಯಾಪು. ಹೆಡಿಂಗ್ ಅಪ್ ಗೆಲ್ಲುವುದು ಇದೊಂದೇ ಕಾರಣಕ್ಕೆ. ಅದರಲ್ಲಿ ಎಡ ಅಂದರೆ ಎಡ, ಬಲ ಅಂದರೆ ಬಲ, ಮೇಲೆ ಅಂದರೆ ಮುಂದೆ.

ಇದೇನು ಹೊಸ ಸಂಗತಿ ಅಲ್ಲ. 1981ರಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ತಂದ ನ್ಯಾವಿಗೇಷನ್ ಯಂತ್ರದಲ್ಲಿ ಪಾರದರ್ಶಕ ಹಾಳೆಯ ಮ್ಯಾಪನ್ನು ಕೈಯಿಂದ ತೂರಿಸಬೇಕಿತ್ತು. ಕಾರು ಎಲ್ಲಿದೆ ಅಂತ ತೋರಿಸುವ ಬೆಳಕು ಅದರ ಹಿಂದೆ ಚಲಿಸುತ್ತಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದ ಎಟಾಕ್ ಅನ್ನುವ ಕಂಪನಿ ಇದನ್ನು ಉಲ್ಟಾ ಮಾಡಿತು. ಕಾರಿನ ಗುರುತು ಇದ್ದಲ್ಲೇ ಇರುತ್ತದೆ, ಮ್ಯಾಪು ಅದರ ಸುತ್ತ ತಿರುಗುತ್ತದೆ. ಆಗ ಜನಸಾಮಾನ್ಯರ ಕಾರಿಗೆ ಜಿಪಿಎಸ್ ಇರಲಿಲ್ಲ. ಚಕ್ರ ಎಷ್ಟು ಉರುಳಿತು, ದಿಕ್ಸೂಚಿ ಯಾವ ಕಡೆ ತೋರಿಸುತ್ತಿದೆ ಅನ್ನುವ ಲೆಕ್ಕದ ಮೇಲೆ ಎಲ್ಲ ನಡೆಯುತ್ತಿತ್ತು. ಮ್ಯಾಪ್ ಇರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ! ಪೆಸಿಫಿಕ್ ಸಾಗರದ ದ್ವೀಪಗಳ ನಾವಿಕರಲ್ಲಿ ಒಂದು ಹಳೆಯ ಕ್ರಮ ಇತ್ತು. ತಮ್ಮ ದೋಣಿ ನಿಂತಲ್ಲೇ ನಿಂತಿದೆ, ದ್ವೀಪಗಳು ತಮ್ಮನ್ನು ದಾಟಿ ಹಿಂದೆ ಸರಿಯುತ್ತಿವೆ ಅಂತ ಅವರು ಲೆಕ್ಕ ಹಾಕುತ್ತಿದ್ದರು. ಕಂಪನಿ ತನ್ನ ಹೆಸರನ್ನೂ ಅಲ್ಲಿಂದಲೇ ತಂದುಕೊಂಡಿತ್ತು. ಇವತ್ತು ನಿಮ್ಮ ಕಾರಿನಲ್ಲಿ ಊರು ತಿರುಗುವುದು ಆ ಲೆಕ್ಕದಲ್ಲೇ.

ಹಾಗಾದರೆ ನಾರ್ತ್ ಅಪ್ ಯಾಕಿದೆ?

ಹೆಡಿಂಗ್ ಅಪ್‌ಗೆ ಒಂದು ಕೆಟ್ಟ ಗುಣ ಇದೆ. ಅದು ತಿರುವು ಹೇಳುತ್ತದೆ, ಊರು ಕಲಿಸುವುದಿಲ್ಲ. ಅದನ್ನೇ ನೋಡಿಕೊಂಡು ಆಫೀಸಿಗೆ ತಿಂಗಳುಗಟ್ಟಲೆ ಓಡಾಡಿದವರನ್ನು ಕೇಳಿ ನೋಡಿ. ಮನೆಯಿಂದ ಆಫೀಸು ಯಾವ ದಿಕ್ಕಿಗೆ ಅಂದರೆ ಕೈ ತೋರಿಸುವುದಕ್ಕೆ ತಡವರಿಸುತ್ತಾರೆ. ಮ್ಯಾಪ್ ಪ್ರತಿ ತಿರುವಿಗೂ ಹೊರಳುತ್ತಿದ್ದರೆ ಮನಸ್ಸಿನಲ್ಲಿ ಊರಿನ ಚಿತ್ರ ನಿಲ್ಲುವುದು ಹೇಗೆ?

ವಿಮಾನಗಳ ಎಲೆಕ್ಟ್ರಾನಿಕ್ ಮ್ಯಾಪ್ ಹೇಗಿರಬೇಕು ಅಂತ ಆಂಥನಿ ಅರೆಟ್ಜ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಈಗ ಯಾವ ಕಡೆ ತಿರುಗಬೇಕು ಅನ್ನುವ ಕೆಲಸಕ್ಕೆ ತಿರುಗುವ ಮ್ಯಾಪ್ ಒಳ್ಳೆಯದು. ಯಾವುದು ಎಲ್ಲಿದೆ ಅಂತ ನೆನಪಿಟ್ಟುಕೊಳ್ಳುವುದಕ್ಕೆ ತಿರುಗದ ಮ್ಯಾಪ್ ಒಳ್ಳೆಯದು.

ಹಾಗಾಗಿ ಹೊರಡುವ ಮುಂಚೆ, ಕಾರು ನಿಂತಿರುವಾಗ, ಪೂರ್ತಿ ದಾರಿಯನ್ನು ಒಮ್ಮೆ ನಾರ್ತ್ ಅಪ್‌ನಲ್ಲಿ ನೋಡಿ. ಬಹಳ ಜನ ಇದನ್ನು ಮಾಡುವುದೇ ಇಲ್ಲ. ಸ್ಟಾರ್ಟ್ ಒತ್ತಿ ಹೊರಟುಬಿಡುತ್ತಾರೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟರೆ ನ್ಯಾವಿಗೇಷನ್ ನಿಮ್ಮನ್ನು ಶಿರಾಡಿ ಮೇಲೆ ಕಳಿಸುತ್ತಿದೆಯೋ ಚಾರ್ಮಾಡಿ ಮೇಲೋ ಅನ್ನುವುದು ಮನೆ ಬಿಡುವಾಗಲೇ ಗೊತ್ತಿರಬೇಕು. ಹಾಸನ ದಾಟಿದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಮಳೆಗಾಲದಲ್ಲಂತೂ ಗುಡ್ಡ ಕುಸಿದು ಘಾಟಿ ಬಂದ್ ಆಗುವುದು ಹೊಸದೇನಲ್ಲ. ಚಿಕ್ಕ ನೀಲಿ ಗೆರೆಯನ್ನೇ ಹಿಂಬಾಲಿಸುವವರಿಗೆ ಇನ್ನೊಂದು ದಾರಿ ಎಷ್ಟು ದೂರದಲ್ಲಿದೆ ಅನ್ನುವುದೂ ತಿಳಿಯುವುದಿಲ್ಲ.

ಹೊಸ ಊರಿಗೆ ಮನೆ ಬದಲಾಯಿಸಿದವರಿಗೂ ಒಂದು ಮಾತು. ಮೊದಲ ಕೆಲವು ವಾರ, ಆತುರ ಇಲ್ಲದ ಭಾನುವಾರಗಳಲ್ಲಾದರೂ ನಾರ್ತ್ ಅಪ್ ಇಟ್ಟು ಓಡಾಡಿ. ಜಯನಗರದಂಥ ಕಡೆ ಮೇನು, ಕ್ರಾಸು ಅಚ್ಚುಕಟ್ಟಾಗಿ ಅಡ್ಡ ಉದ್ದ ಇವೆ. ಅಲ್ಲಿ ನಾರ್ತ್ ಅಪ್ ಕಷ್ಟವೇ ಅಲ್ಲ, ಬೇಗ ಊರು ಕೈಗೆ ಬರುತ್ತದೆ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಇದನ್ನು ಮಾಡುವುದಕ್ಕೆ ಹೋಗಬೇಡಿ.

ಘಾಟಿಯ ಲೆಕ್ಕವೇ ಬೇರೆ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಕಾರು ಹೆಚ್ಚುಕಡಿಮೆ ಬಂದ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತದೆ. ಹೆಡಿಂಗ್ ಅಪ್ ಇಟ್ಟಿದ್ದರೆ ಅಷ್ಟೂ ಸಲ ಇಡೀ ಮ್ಯಾಪ್ ಗಿರಗಿರ ಅರ್ಧ ಸುತ್ತು ಹೊಡೆಯುತ್ತದೆ. ಮೊದಲೇ ಹೊಟ್ಟೆ ತೊಳಸುತ್ತಿರುವವರು ಅದನ್ನು ನೋಡುತ್ತಾ ಕೂತರೆ ಮುಗಿಯಿತು. ಕಿವಿಯೊಳಗಿನ ಸಮತೋಲನದ ಅಂಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಪ್ರಯಾಣದಲ್ಲಿ ವಾಂತಿ ಬರುವುದೇ ಈ ಜಗಳದಿಂದ. ನಿಮ್ಮ ಮನೆಯವರಿಗೆ ತಲೆ ಸುತ್ತುವುದು ನೆಪ ಅಲ್ಲ.

ಇನ್ನೂ ಮುಖ್ಯವಾದ ಸಂಗತಿ ಅಂದರೆ ಘಾಟಿಯಲ್ಲಿ ಹೆಡಿಂಗ್ ಅಪ್‌ನ ಅಗತ್ಯವೇ ಇಲ್ಲ. ಅಲ್ಲಿ ಇರುವುದೇ ಒಂದು ರಸ್ತೆ. ಎಡಕ್ಕೋ ಬಲಕ್ಕೋ ಅನ್ನುವ ಪ್ರಶ್ನೆ ಹುಟ್ಟುವುದಿಲ್ಲ. ಬೇಕಾಗಿರುವುದು ಮುಂದಿನ ತಿರುವು ಎಷ್ಟು ಕಡಿದು, ಇನ್ನೆಷ್ಟು ತಿರುವು ಬಾಕಿ ಅನ್ನುವುದು. ಸ್ವಲ್ಪ ದೂರದಿಂದ ಕಾಣುವಂತೆ ಮಾಡಿದ ನಾರ್ತ್ ಅಪ್ ಮ್ಯಾಪಿನಲ್ಲಿ ಆ ಅಂಕುಡೊಂಕು ಗೆರೆ ಇಡಿಯಾಗಿ ಕಾಣುತ್ತದೆ. ಮ್ಯಾಪ್ ಕದಲುವುದಿಲ್ಲ, ಬಾಣ ಮಾತ್ರ ಮೆಲ್ಲಗೆ ಜರಗುತ್ತದೆ. ಪಕ್ಕದಲ್ಲಿ ಕೂತವರು ನೋಡಿಕೊಂಡು "ಇನ್ನೊಂದು ದೊಡ್ಡ ತಿರುವು ಇದೆ ರೀ" ಅಂದರೆ ಸಾಕು. ಓಡಿಸುವವರು ಘಾಟಿಯಲ್ಲಿ ಸ್ಕ್ರೀನ್ ನೋಡಲೇಬಾರದು. ಅಲ್ಲಿ ನೋಡಬೇಕಾದ್ದು ಎದುರಿನಿಂದ ಬರುವ ಬಸ್ಸನ್ನು.

ಮಲೆನಾಡಿನ ಕಡೆ ಮೊಬೈಲ್ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ. ಫೋನಿನ ಮ್ಯಾಪ್ ನಂಬಿ ಹೋಗುವವರು ಆ ಭಾಗವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಮ್ಯಾಪಿನ ಚಿತ್ರಕ್ಕೆ ಬೇಕು. ಡೌನ್‌ಲೋಡ್ ಆದ ಮ್ಯಾಪಿನಲ್ಲಿ ದಾರಿ ತೋರಿಸುತ್ತದೆ, ಟ್ರಾಫಿಕ್ ತೋರಿಸುವುದಿಲ್ಲ.

3ಡಿ ಎಲ್ಲಿ ಕೆಲಸಕ್ಕೆ ಬರುತ್ತದೆ

3ಡಿ ಅಂದರೂ ಅದು ಮೂಲತಃ ಹೆಡಿಂಗ್ ಅಪ್ಪೇ. ಮ್ಯಾಪನ್ನು ನೇರ ಮೇಲಿಂದ ನೋಡುವ ಬದಲು ಕಾರಿನ ಹಿಂದೆ, ಸ್ವಲ್ಪ ಎತ್ತರದಿಂದ ಓರೆಯಾಗಿ ನೋಡಿದಂತೆ ತೋರಿಸುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಇದರಿಂದ ಒಂದು ಲಾಭ ಇದೆ. ಅದೇ ಅಗಲದ ಸ್ಕ್ರೀನಿನಲ್ಲಿ ಮುಂದಿನ ರಸ್ತೆ ಜಾಸ್ತಿ ದೂರದವರೆಗೆ ಕಾಣುತ್ತದೆ. ಹೆದ್ದಾರಿಯಲ್ಲಿ ಇದು ಹಿತವಾಗಿರುತ್ತದೆ. ನೇರ ರಸ್ತೆ, ಅಪರೂಪಕ್ಕೊಂದು ತಿರುವು, ದೂರದಲ್ಲಿ ಟೋಲ್.

ಊರೊಳಗೆ ಬಂದ ತಕ್ಷಣ ಲೆಕ್ಕ ಬದಲಾಗುತ್ತದೆ. ಓರೆಯಾಗಿ ತೋರಿಸುವಾಗ ದೂರದ ರಸ್ತೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಎರಡನೇ ಕ್ರಾಸೋ ಮೂರನೇ ಕ್ರಾಸೋ ಗೊತ್ತಾಗುವುದಿಲ್ಲ. ಅದರ ಮೇಲೆ ಕಟ್ಟಡಗಳನ್ನೂ ನಿಲ್ಲಿಸಿದರೆ ನೀವು ತಿರುಗಬೇಕಾದ ಗಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಹಿಂದೆ ಅಡಗಿಕೊಳ್ಳುತ್ತದೆ. ಷೋರೂಮಿನಲ್ಲಿ ಕಾರು ಮಾರುವಾಗ ಆ ಕಟ್ಟಡಗಳು ಬಹಳ ಚೆಂದ. ನಾನಂತೂ ಆ ಸೆಟ್ಟಿಂಗ್ ಸಿಕ್ಕಿದ ಕಡೆ ಮೊದಲು ಅದನ್ನು ಆಫ್ ಮಾಡುತ್ತೇನೆ.

"ಫ್ಲೈಓವರ್‌ಗಾದರೂ 3ಡಿ ಬೇಕಲ್ವಾ?" ಅಂತ ನಿಮ್ಮ ಮಗ ಕೇಳಬಹುದು. ಒಳ್ಳೆಯ ಪ್ರಶ್ನೆ. ಬೆಂಗಳೂರಿನಲ್ಲಿ ದಾರಿ ತಪ್ಪುವುದು ಜಾಸ್ತಿ ಅಲ್ಲೇ. ಫ್ಲೈಓವರ್ ಹತ್ತಬೇಕಾ, ಪಕ್ಕದಲ್ಲಿ ಕೆಳಗೆ ಹೋಗಬೇಕಾ? ಹೆಬ್ಬಾಳದಲ್ಲಿ ಏರ್‌ಪೋರ್ಟ್ ಕಡೆ ಒಂದು, ರಿಂಗ್ ರೋಡ್ ಕಡೆ ಒಂದು, ಊರಿನ ಕಡೆ ಒಂದು ಅಂತ ರ‍್ಯಾಂಪ್‌ಗಳು ಹೆಣೆದುಕೊಂಡಿವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ 2024ರ ಜುಲೈನಲ್ಲಿ ಓಡಾಟ ಶುರುವಾದ ಡಬಲ್ ಡೆಕ್ಕರ್ ಫ್ಲೈಓವರಿನಲ್ಲಿ ನೆಲದ ಮೇಲೊಂದು ರಸ್ತೆ, ಅದರ ಮೇಲೊಂದು ರಸ್ತೆ, ಅದಕ್ಕೂ ಮೇಲೆ ಮೆಟ್ರೋ. ಮೇಲಿಂದ ನೋಡುವ ಮ್ಯಾಪಿಗೆ ಇವೆಲ್ಲ ಒಂದೇ ಗೆರೆ. ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆಯಂತೂ ಹತ್ತು ಕಿಲೋಮೀಟರ್ ಹತ್ತಿರ ಇದೆ. ಒಮ್ಮೆ ಹತ್ತಿದಿರೋ, ಮಧ್ಯದಲ್ಲಿ ಯೂ ಟರ್ನ್ ಇಲ್ಲ, ಟೋಲನ್ನೂ ಕಟ್ಟಬೇಕು.

ಆದರೆ ಇಲ್ಲಿ 3ಡಿ ನೋಟ ನೀವು ಅಂದುಕೊಂಡಷ್ಟು ಸಹಾಯ ಮಾಡುವುದಿಲ್ಲ. ಯಾಕೆಂದರೆ ತೊಂದರೆ ಇರುವುದು ಚಿತ್ರದಲ್ಲಿ ಅಲ್ಲ, ನೀವು ಮೇಲಿದ್ದೀರೋ ಕೆಳಗಿದ್ದೀರೋ ಅಂತ ಯಂತ್ರಕ್ಕೇ ಗೊತ್ತಾಗದಿರುವುದರಲ್ಲಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ನಿಮ್ಮ ಜಾಗ ಹೇಳುತ್ತದೆ. ಎತ್ತರ ಹೇಳುವುದರಲ್ಲಿ ಮಾತ್ರ ಅದು ಯಾವಾಗಲೂ ಹಿಂದೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೇ ಇವೆ, ಕೆಳಗಡೆಯ ಉಪಗ್ರಹಗಳಿಗೆ ಭೂಮಿಯೇ ಅಡ್ಡ. ಒಂದೇ ಕಡೆಯಿಂದ ಅಳತೆ ಸಿಕ್ಕರೆ ಎತ್ತರದಲ್ಲಿ ತಪ್ಪು ಜಾಸ್ತಿ. ಫ್ಲೈಓವರಿನ ಕೆಳಗೆ ಹೋದರಂತೂ ಮೇಲಿನ ಕಾಂಕ್ರೀಟು ಸಿಗ್ನಲ್ ತಡೆಯುತ್ತದೆ, ಅಕ್ಕಪಕ್ಕದ ಕಟ್ಟಡಗಳಿಂದ ಸಿಗ್ನಲ್ ಪುಟಿದು ಬರುತ್ತದೆ. ಆಗ ಯಂತ್ರ ಒಂದು ಊಹೆ ಮಾಡಿ ಬಾಣವನ್ನು ಯಾವುದೋ ಒಂದು ರಸ್ತೆಗೆ ಅಂಟಿಸಿಬಿಡುತ್ತದೆ. ಊಹೆ ತಪ್ಪಾದರೆ 3ಡಿ ಆ ತಪ್ಪನ್ನು ಇನ್ನೂ ಅಂದವಾಗಿ ತೋರಿಸುತ್ತದೆ, ಅಷ್ಟೇ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಇದೇ ಕಥೆ, ಆದರೆ ಅಡ್ಡಡ್ಡಲಾಗಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯ ಪಕ್ಕದಲ್ಲೇ ಸರ್ವೀಸ್ ರೋಡ್ ಓಡುತ್ತದೆ. ನೀವು ಸರ್ವೀಸ್ ರೋಡಿನಲ್ಲಿ ಇರುತ್ತೀರಿ, ಬಾಣ ಮುಖ್ಯ ರಸ್ತೆಯಲ್ಲಿ ಓಡುತ್ತಿರುತ್ತದೆ. ಮದ್ದೂರಿನಲ್ಲಿ ವಡೆ ತಿನ್ನಬೇಕು ಅಂತ ಇದ್ದವರಿಗೆ ಎಲ್ಲಿ ಇಳಿಯಬೇಕು ಅಂತ ಬಾಣ ನೋಡಿಕೊಂಡು ತಿಳಿಯುವುದು ಕಷ್ಟ. ಅಲ್ಲಿ ಬೋರ್ಡ್ ನೋಡಿ, ಮ್ಯಾಪ್ ಬಿಡಿ.

ಫ್ಲೈಓವರ್ ಹತ್ತಿರ ಬಂದಾಗ ನಿಜವಾಗಿ ನೋಡಬೇಕಾದ್ದು ಮ್ಯಾಪಿನ ಚಿತ್ರವನ್ನಲ್ಲ, ಅದರ ಮೇಲ್ಗಡೆ ಬರುವ ಪಟ್ಟಿಯನ್ನು. ಯಾವ ಲೇನಿನಲ್ಲಿರಬೇಕು ಅನ್ನುವ ಚಿಕ್ಕ ಬಾಣಗಳು ಅಲ್ಲಿರುತ್ತವೆ. 2024ರ ಜುಲೈನಲ್ಲಿ ಗೂಗಲ್ ಮ್ಯಾಪ್ಸ್ ಭಾರತದ 40 ಊರುಗಳಲ್ಲಿ "ಮುಂದೆ ಫ್ಲೈಓವರ್ ಇದೆ, ಹತ್ತಬೇಕು" ಅಂತ ಮುಂಚೆಯೇ ತಿಳಿಸುವ ಸೌಲಭ್ಯ ಶುರು ಮಾಡಿತು. ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ಆ್ಯಪ್ ಜಂಕ್ಷನ್ ಹತ್ತಿರ ಬಂದಾಗ ಆ ಜಾಗದ 3ಡಿ ಚಿತ್ರವನ್ನೇ ತೋರಿಸುತ್ತದೆ. ರ‍್ಯಾಂಪ್ ಎಲ್ಲಿ ಕವಲೊಡೆಯುತ್ತದೆ ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. 3ಡಿಗೆ ಒಂದು ಜಾಗ ಇದೆ ಅಂದೆನಲ್ಲ, ಅದು ಇದೇ. ಬೇಕಾದ ಜಂಕ್ಷನ್ನಿನಲ್ಲಿ, ಬೇಕಾದಷ್ಟು ಹೊತ್ತು, ತಾನಾಗಿ ಬಂದು ತಾನಾಗಿ ಹೋಗುವ 3ಡಿ.

ಹೊರಡುವಾಗ ಮ್ಯಾಪ್ ಸುಮ್ನೆ ತಿರುಗುತ್ತದೆ, ಯಾಕೆ?

ನೀವು ಇದನ್ನು ಕೇಳಿಲ್ಲ, ಆದರೆ ಹೆಡಿಂಗ್ ಅಪ್ ಇಟ್ಟವರೆಲ್ಲ ಕೊನೆಗೆ ಇದನ್ನು ಕೇಳುತ್ತಾರೆ. ಪಾರ್ಕಿಂಗಿನಲ್ಲಿ ಕಾರು ನಿಂತಿದೆ. ದಾರಿ ಹಾಕಿದ ಕೂಡಲೇ ಮ್ಯಾಪ್ ಒಂದು ಕಡೆ ತಿರುಗುತ್ತದೆ, ಮತ್ತೆ ಇನ್ನೊಂದು ಕಡೆ ತಿರುಗುತ್ತದೆ. ದನಿ ಬೇರೆ "ಉತ್ತರಕ್ಕೆ ಹೋಗಿ" ಅನ್ನುತ್ತದೆ. ಬೇಸ್‌ಮೆಂಟಿನಲ್ಲಿ ನಿಂತವರಿಗೆ ಉತ್ತರ ಯಾವುದು, ದಕ್ಷಿಣ ಯಾವುದು?

ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತು, ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಿಲ್ಲ. ನೀವು ಸ್ವಲ್ಪ ದೂರ ಚಲಿಸಿದ ಮೇಲೆ ಹಿಂದಿನ ಜಾಗ, ಈಗಿನ ಜಾಗ ಎರಡನ್ನೂ ಹೋಲಿಸಿ ದಿಕ್ಕು ತಿಳಿಯಬೇಕು. ನಿಂತಿರುವಾಗ ಫೋನು ತನ್ನೊಳಗಿನ ಪುಟ್ಟ ದಿಕ್ಸೂಚಿಯನ್ನು ನಂಬುತ್ತದೆ. ಆ ದಿಕ್ಸೂಚಿಗೆ ಕಾರಿನ ಕಬ್ಬಿಣ ಕಾಟ ಕೊಡುತ್ತದೆ. ಅದರ ಮೇಲೆ ನೀವು ಆಯಸ್ಕಾಂತದ ಫೋನ್ ಹೋಲ್ಡರ್ ಹಾಕಿಸಿದ್ದರೆ ಕೇಳುವುದೇ ಬೇಡ. ಹತ್ತಿಪ್ಪತ್ತು ಮೀಟರ್ ಮುಂದೆ ಹೋಗಿ, ಮ್ಯಾಪ್ ತಾನೇ ಸರಿಯಾಗುತ್ತದೆ. ಅಲ್ಲಿಯವರೆಗೆ ಅದು ಹೇಳಿದ ಮೊದಲ ತಿರುವನ್ನು ನಂಬಬೇಡಿ.

ಕಾರಿನ ಜೊತೆಗೇ ಬರುವ ನ್ಯಾವಿಗೇಷನ್‌ನಲ್ಲಿ ಈ ತೊಂದರೆ ಕಡಿಮೆ. ಅದಕ್ಕೆ ಚಕ್ರದ ವೇಗ ಗೊತ್ತು, ಕಾರು ಎಷ್ಟು ತಿರುಗಿತು ಅಂತ ಹೇಳುವ ಜೈರೋ ಕೂಡ ಇರುತ್ತದೆ. ಸುರಂಗದಲ್ಲೂ ಬಾಣ ಮುಂದೆ ಹೋಗುತ್ತಿರುವುದು ಅದಕ್ಕೇ. ಕೆಲವು ಕಾರುಗಳು ಈ ಮಾಹಿತಿಯನ್ನು ಆಂಡ್ರಾಯ್ಡ್ ಆಟೋ (ಫೋನನ್ನು ಕಾರಿನ ಸ್ಕ್ರೀನಿಗೆ ಜೋಡಿಸುವ ಸೌಲಭ್ಯ) ಮೂಲಕ ಫೋನಿಗೂ ಕೊಡುತ್ತವೆ. ಹಾಗಾಗಿ ಫೋನನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ ನೋಡುವುದಕ್ಕಿಂತ ಕಾರಿನ ಸ್ಕ್ರೀನಿಗೆ ಜೋಡಿಸಿ ನೋಡುವುದು ವಾಸಿ.

ಸ್ಯಾಟಲೈಟ್ ನೋಟ, ಜೂಮು, ಮತ್ತೆ ಕೆಲವು

ಸ್ಯಾಟಲೈಟ್ ಚಿತ್ರದ ಮೇಲೆ ದಾರಿ ಓಡಿಸುವವರು ಇದ್ದಾರೆ. ಓಡಿಸುವಾಗ ಬೇಡ. ಮರ, ಮನೆ, ನೆರಳು ಎಲ್ಲ ಸೇರಿ ಗೆರೆ ಕಾಣುವುದಿಲ್ಲ, ಡೇಟಾ ಬೇರೆ ಖರ್ಚು. ಕೊನೆಯ ಒಂದೆರಡು ಕಿಲೋಮೀಟರಿಗೆ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ತೀರ್ಥಹಳ್ಳಿ ಕಡೆಯಲ್ಲೋ ಶಿರಸಿ ಕಡೆಯಲ್ಲೋ ನೆಂಟರ ತೋಟದ ಮನೆಗೆ ಹೊರಟಿದ್ದೀರಿ. ಮ್ಯಾಪಿನಲ್ಲಿ ರಸ್ತೆ ಮುಗಿದು ಬರೀ ಹಸಿರು ಉಳಿಯುತ್ತದೆ. ಕಾರು ಪಕ್ಕಕ್ಕೆ ಹಾಕಿ ಸ್ಯಾಟಲೈಟ್ ನೋಟ ಒತ್ತಿದರೆ ಅಡಿಕೆ ತೋಟದ ನಡುವೆ ಹೆಂಚಿನ ಮಾಡು, ಅಂಗಳ, ಮಣ್ಣಿನ ದಾರಿ ಕಾಣುತ್ತದೆ. ಚಿತ್ರ ಹಳೆಯದಿರಬಹುದು ಅನ್ನುವುದು ನೆನಪಿರಲಿ, ಈಚೆಗೆ ಕಟ್ಟಿದ ಮನೆ ಅದರಲ್ಲಿ ಇರುವುದಿಲ್ಲ.

ಮ್ಯಾಪ್ ಸರಿ ಇಲ್ಲ ಅನ್ನುವವರಲ್ಲಿ ತುಂಬ ಜನರ ನಿಜವಾದ ತೊಂದರೆ ನೋಟದ್ದಲ್ಲ, ಜೂಮಿನದ್ದು. ಎರಡು ಬೆರಳಿನಲ್ಲಿ ಹಿಗ್ಗಿಸಿ, ಹಾಗೇ ಬಿಟ್ಟಿರುತ್ತಾರೆ. ಆಗ ಅರ್ಧ ಕ್ರಾಸಿನಷ್ಟು ಜಾಗ ಮಾತ್ರ ಕಾಣುತ್ತದೆ. ಆಟೋ ಜೂಮ್ ಇದ್ದರೆ ಆನ್ ಮಾಡಿಡಿ. ವೇಗ ಹೆಚ್ಚಾದಾಗ ಅದು ಹಿಂದೆ ಸರಿದು ಜಾಸ್ತಿ ರಸ್ತೆ ತೋರಿಸುತ್ತದೆ, ತಿರುವು ಬಂದಾಗ ಹತ್ತಿರ ಬರುತ್ತದೆ. ಮ್ಯಾಪನ್ನು ಕೈಯಿಂದ ಎಳೆದಾಡಿದ ಮೇಲೆ ವಾಪಸ್ ಬರುವುದಕ್ಕೆ ರೀಸೆಂಟರ್ ಅಂತ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಬೇಕು. ರಾತ್ರಿ ಹೊತ್ತು ಕಪ್ಪು ಬಣ್ಣದ ಮ್ಯಾಪ್ ಇರಲಿ, ಕಣ್ಣಿಗೆ ಹೊಡೆಯುವುದಿಲ್ಲ.

ದನಿಯನ್ನು ಮಾತ್ರ ಆಫ್ ಮಾಡಬೇಡಿ. ಹಾಡು ಕೇಳುವುದಕ್ಕೆ ಅಡ್ಡ ಅಂತ ಆಫ್ ಮಾಡುವವರೇ ಆಮೇಲೆ ಪದೇಪದೇ ಸ್ಕ್ರೀನ್ ನೋಡುವುದು. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಊರಿನ ಹೆಸರುಗಳನ್ನು ಒಮ್ಮೊಮ್ಮೆ ವಿಚಿತ್ರವಾಗಿ ಉಚ್ಚರಿಸುತ್ತದೆ, ನಗು ಬಂದರೂ ದಾರಿ ಸಿಗುತ್ತದೆ.

ಈ ಸೆಟ್ಟಿಂಗುಗಳನ್ನೆಲ್ಲ ಕಾರು ನಿಂತಿರುವಾಗಲೇ ಮಾಡಿ. ಕಾನೂನು ಕೂಡ ಈ ಬಗ್ಗೆ ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ, 2020ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ, ಓಡಿಸುವಾಗ ಫೋನಿನಂಥ ಸಾಧನವನ್ನು ದಾರಿ ನೋಡುವುದಕ್ಕಷ್ಟೇ ಬಳಸಬಹುದು. ಅದೂ ಗಮನ ಕೆಡದ ಹಾಗೆ. ಫೋನ್ ಕೈಯಲ್ಲಿ ಹಿಡಿದು ಮ್ಯಾಪ್ ಹಿಗ್ಗಿಸುತ್ತಿದ್ದರೆ "ದಾರಿ ನೋಡ್ತಿದ್ದೆ ಸರ್" ಅನ್ನುವ ಮಾತು ಪೊಲೀಸರ ಹತ್ತಿರ ನಡೆಯುವುದು ಕಷ್ಟ.

ನೋಟ ಬದಲಾಯಿಸುವುದು ಹೇಗೆ ಅಂದರೆ, ನೀವು ಕಂಡುಕೊಂಡ ಹಾಗೆ ದಿಕ್ಸೂಚಿ ಗುರುತೇ ಸುಲಭದ ದಾರಿ. ಬಹಳಷ್ಟು ಕಾರುಗಳಲ್ಲಿ ಅದನ್ನು ಒತ್ತುತ್ತಾ ಹೋದರೆ ಒಂದಾದ ಮೇಲೆ ಒಂದು ನೋಟ ಬರುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಯಾವಾಗಲೂ ನಾರ್ತ್ ಅಪ್ಪೇ ಇರಲಿ ಅನ್ನುವವರಿಗೆ ಸೆಟ್ಟಿಂಗ್ಸ್ ಒಳಗೆ ನ್ಯಾವಿಗೇಷನ್ ಭಾಗದಲ್ಲಿ ಕೀಪ್ ಮ್ಯಾಪ್ ನಾರ್ತ್ ಅಪ್ ಅನ್ನುವ ಗುಂಡಿ ಇದೆ.

ನಿಮ್ಮ ಮನೆಯ ಜಗಳಕ್ಕೆ ಬರೋಣ. ಕಾರಿನ ಸ್ಕ್ರೀನ್ ನಿಮ್ಮದು, ಅದರಲ್ಲಿ ಚಪ್ಪಟೆ ಹೆಡಿಂಗ್ ಅಪ್ ಇಡಿ. ಮನೆಯವರು ತಮ್ಮ ಫೋನಿನಲ್ಲಿ ಅದೇ ದಾರಿಯನ್ನು ನಾರ್ತ್ ಅಪ್ ಮಾಡಿಕೊಂಡು, ದನಿ ಆಫ್ ಮಾಡಿ, ಪೂರ್ತಿ ಊರು ಕಾಣುವಷ್ಟು ದೂರ ಇಟ್ಟುಕೊಳ್ಳಲಿ. ಮುಂದೆ ಟ್ರಾಫಿಕ್ ಕೆಂಪಾಗಿದೆಯಾ, ಪೆಟ್ರೋಲ್ ಬಂಕ್ ಎಷ್ಟು ದೂರ, ಇನ್ನೊಂದು ದಾರಿ ಇದೆಯಾ ಅನ್ನುವುದೆಲ್ಲ ಅವರ ಕೈಯಲ್ಲಿರಲಿ. ಅವರು ದಾರಿ ಹೇಳುವಾಗ ಮಾತ್ರ ಒಂದು ಎಚ್ಚರ ಬೇಕು. ದಕ್ಷಿಣಕ್ಕೆ ಹೋಗುತ್ತಿದ್ದರೆ ಅವರ ಫೋನಿನ ಎಡ ನಿಮಗೆ ಬಲ. ಅದಕ್ಕೆ ಎಡ ಬಲ ಬಿಟ್ಟು "ಆ ಬಂಕ್ ಆದ ಮೇಲೆ ದೇವಸ್ಥಾನದ ಕಡೆ" ಅಂತ ಹೇಳಲಿ. ನಿಮ್ಮ ಕಾರಿನಲ್ಲಿ ಸ್ಕ್ರೀನ್ ಎರಡು ಭಾಗ ಮಾಡುವ ಸೌಲಭ್ಯ ಇದ್ದರೆ ಎಡಭಾಗದಲ್ಲಿ ಒಂದು, ಬಲಭಾಗದಲ್ಲಿ ಇನ್ನೊಂದು ಇಡಬಹುದು. ಆದರೆ ಸ್ಕ್ರೀನ್ ಚಿಕ್ಕದಿದ್ದರೆ ಎರಡೂ ಕಾಣುವುದಿಲ್ಲ, ಆ ಗೋಜಿಗೆ ಹೋಗಬೇಡಿ. ಮಗನಿಗೆ 3ಡಿ ಅಷ್ಟು ಇಷ್ಟ ಇದ್ದರೆ ಹೆದ್ದಾರಿ ಬಂದಾಗ ಹಾಕಿ, ಊರು ಹತ್ತಿರ ಬಂದಾಗ ತೆಗೆಸುವ ಜವಾಬ್ದಾರಿಯನ್ನೂ ಅವನಿಗೇ ಕೊಡಿ.